ಕಟ್ಟಡದ ಬೆನ್ನು ಬಿಡಿ, ಕಡತದ ಬೆನ್ನು ಹತ್ತಿ: ಅಕ್ರಮ ಕಟ್ಟಡಕ್ಕೆ ಅಧಿಕಾರಿಯಿಂದ ಉತ್ತರ ಪಡೆಯುವ ದಾರಿ

ನಿಯಮ ಮೀರಿ ಏಳುತ್ತಿರುವ ಕಟ್ಟಡವೊಂದು ಕಣ್ಣಿಗೆ ಬಿದ್ದರೆ ನಮ್ಮ ಕಡೆ ಜನ ಮೊದಲು ಮಾಲೀಕನ ಹತ್ತಿರ ಜಗಳಕ್ಕೆ ಹೋಗುತ್ತಾರೆ. ಆಮೇಲೆ ವಾರ್ಡಿನ ಸದಸ್ಯರಿಗೆ ಫೋನು, ಅದಾದ ಮೇಲೆ ವಾಟ್ಸಾಪ್ ಗುಂಪಿಗೊಂದು ಫೋಟೊ. ಇಷ್ಟಾಗುವಷ್ಟರಲ್ಲಿ ಎರಡನೇ ಮಹಡಿಗೆ ಸ್ಲ್ಯಾಬ್ ಹಾಕಿ ಆಗಿರುತ್ತದೆ. ಮಾಲೀಕ ಎದುರು ಸಿಕ್ಕಾಗಲೆಲ್ಲ ಮುಖ ತಿರುಗಿಸುತ್ತಾನೆ. ತಡೆಯಬೇಕಿದ್ದ ಅಧಿಕಾರಿಯ ಹೆಸರು ಮಾತ್ರ ಈ ಇಡೀ ಗಲಾಟೆಯಲ್ಲಿ ಒಮ್ಮೆಯೂ ಬಂದಿರುವುದಿಲ್ಲ.

ಕಟ್ಟುವವನಿಗೆ ಆಸೆ ಇರುತ್ತದೆ, ಅದು ಸಹಜ. ತಡೆಯುವುದಕ್ಕೆಂದೇ ಸಂಬಳ ಪಡೆಯುವವರು ಬೇರೆ ಇದ್ದಾರೆ. ಅವರನ್ನು ಕಾನೂನಿನ ದಾರಿಯಲ್ಲಿ, ಕಾಗದದ ಮೇಲೆ, ತಪ್ಪಿಸಿಕೊಳ್ಳಲಾಗದಂತೆ ಉತ್ತರಕ್ಕೆ ನಿಲ್ಲಿಸುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಶಿರಸಿ, ಕುಮಟಾ, ಗೋಕರ್ಣದ ಕಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು: ಆ ಜಾಗ ಯಾರ ಸುಪರ್ದಿಯಲ್ಲಿದೆ?

ಹೆಚ್ಚಿನ ದೂರುಗಳು ಸಾಯುವುದು ಇಲ್ಲೇ. ಪಂಚಾಯಿತಿಗೆ ಕೊಟ್ಟರೆ "ಅದು ಕಂದಾಯದವರದ್ದು" ಎನ್ನುತ್ತಾರೆ, ತಹಶೀಲ್ದಾರ ಕಚೇರಿಯಲ್ಲಿ "ಅರಣ್ಯದವರನ್ನು ಕೇಳಿ" ಎನ್ನುತ್ತಾರೆ, ಅರಣ್ಯದವರು ಮತ್ತೆ ಪಂಚಾಯಿತಿಯತ್ತ ಕೈ ತೋರಿಸುತ್ತಾರೆ. ಮೂರು ಕಚೇರಿ ಸುತ್ತಿದ ಮೇಲೆ ನಿಮ್ಮ ಉತ್ಸಾಹ ಮುಗಿದಿರುತ್ತದೆ. ಅವರಿಗೂ ಬೇಕಿದ್ದದ್ದು ಅದೇ.

ಆದ್ದರಿಂದ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದ ಎದುರು, ಸಾರ್ವಜನಿಕ ರಸ್ತೆಯಲ್ಲೇ ನಿಂತು, ಸರ್ವೆ ನಂಬರ್ ತೆಗೆಯಿರಿ. ಆ ನಂಬರಿನ ಪಹಣಿಯನ್ನು ಭೂಮಿ ತಾಣದಲ್ಲಿ ನೋಡಿದರೆ ಅದು ಮಾಲ್ಕಿಯೋ (ಖಾಸಗಿಯೋ), ಸರ್ಕಾರಿಯೋ, ಅರಣ್ಯವೋ ತಿಳಿಯುತ್ತದೆ. ದಿಶಾಂಕ್ ಕೆಲವು ಮೀಟರ್ ಆಚೀಚೆ ತೋರಿಸಬಹುದು, ಹಾಗಾಗಿ ಅದನ್ನು ಸುಳಿವಾಗಿ ಬಳಸಿ, ಸಾಕ್ಷ್ಯವಾಗಿ ಅಲ್ಲ. ಗಡಿಯ ತಕರಾರು ಇದ್ದರೆ ಭೂಮಾಪನ ಇಲಾಖೆಯ ಅಳತೆಯೇ ಬೇಕು.

ಊರಿನ ಒಳಗಿನ ಮಾಲ್ಕಿ ಜಾಗವಾದರೆ ವಿಷಯ ಸರಳ. ಕಾರವಾರ, ಶಿರಸಿಗಳಲ್ಲಿ ನಗರಸಭೆ ಇದೆ, ಹೊಣೆ ಪೌರಾಯುಕ್ತರದ್ದು. ಅಂಕೋಲಾ, ಕುಮಟಾಗಳ ಪುರಸಭೆ ಮತ್ತು ಹೊನ್ನಾವರದ ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ. ಎಲ್ಲರಿಗೂ ಅನ್ವಯಿಸುವುದು ಕರ್ನಾಟಕ ಪುರಸಭೆಗಳ ಕಾಯ್ದೆ, 1964. ಅದರ 187ನೇ ಕಲಂ ಕಟ್ಟಡ ಪರವಾನಿಗೆಗೆ ಸಂಬಂಧಿಸಿದ್ದು: ಪರವಾನಿಗೆ ಇಲ್ಲದ ಅಥವಾ ಮಂಜೂರಾದ ನಕ್ಷೆ ಮೀರಿದ ಕೆಲಸವನ್ನು ನಿಲ್ಲಿಸುವ, ತಿದ್ದಿಸುವ, ಕೆಡವಿಸುವ ಅಧಿಕಾರ ಅಲ್ಲಿಂದ ಬರುತ್ತದೆ.

ಹಳ್ಳಿಯಾದರೆ ಗ್ರಾಮ ಪಂಚಾಯಿತಿ. ಕಾಯ್ದೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, ಕಲಂ 64. ಅಧ್ಯಕ್ಷರ ಹತ್ತಿರ ಹೋಗುವುದು ರೂಢಿ. ಆದರೆ ದೂರು ಹೋಗಬೇಕಾದದ್ದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ. ಅಧ್ಯಕ್ಷರ ಅವಧಿ ಮುಗಿಯುತ್ತದೆ, ಪಿಡಿಒ ಸೇವಾ ಪುಸ್ತಕ ಉಳಿಯುತ್ತದೆ.

ಸರ್ಕಾರಿ ಜಾಗದ ಒತ್ತುವರಿಗೆ ತಹಶೀಲ್ದಾರರು. ಇಲ್ಲಿ ಒಂದು ಅಸ್ತ್ರವನ್ನು ಬಹಳ ಜನ ಬಳಸುವುದೇ ಇಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆಯ 192ಎ ಕಲಂ ಸರ್ಕಾರಿ ಜಾಗ ಕಬಳಿಸಿದವನನ್ನು ಮಾತ್ರವಲ್ಲ, ಒತ್ತುವರಿಯನ್ನು ವರದಿ ಮಾಡುವ ಅಥವಾ ತೆರವು ಮಾಡುವ ಹೊಣೆ ಹೊತ್ತೂ ಸುಮ್ಮನೆ ಕುಳಿತ ನೌಕರನನ್ನೂ ಅಪರಾಧಿಯೆಂದು ಎಣಿಸುತ್ತದೆ. ತಹಶೀಲ್ದಾರರಿಗೆ ಬರೆಯುವ ಪತ್ರದಲ್ಲಿ ಈ ಒಂದು ಕಲಮಿನ ಉಲ್ಲೇಖ ಇದ್ದರೆ ಆ ಪತ್ರವನ್ನು ಓದುವ ರೀತಿಯೇ ಬೇರೆ.

ಘಟ್ಟದ ಮೇಲಿನವರಿಗೆ ಬೆಟ್ಟದ ಗೊಂದಲ ಇರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಕ್ಕೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟ ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯ ಮಾತ್ರ, ಒಡೆತನವಲ್ಲ. ಅಲ್ಲಿ ರೆಸಾರ್ಟಿನ ಕಾಟೇಜು ಎದ್ದರೆ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಒಟ್ಟಿಗೆ ಬರೆಯಿರಿ.

ಜಾಗದ ಬಗ್ಗೆ ಅನುಮಾನ ಉಳಿದರೆ ಒಂದೇ ದೂರನ್ನು ಎರಡು ಮೂರು ಕಚೇರಿಗಳಿಗೆ ಬರೆದು, ಪ್ರತಿ ಪತ್ರದ ಕೆಳಗೂ "ಪ್ರತಿ: ಇಂಥವರಿಗೆ" ಎಂದು ಎಲ್ಲ ಕಚೇರಿಗಳ ಹೆಸರು ಹಾಕಿ. ನಮ್ಮದಲ್ಲ ಎನ್ನುವವರು ಅದನ್ನು ಬರಹದಲ್ಲಿ ಹೇಳಲಿ.

ಸಮುದ್ರ, ಹೊಳೆ, ಗಜನಿ

ಕರಾವಳಿಯಲ್ಲಿ ಇನ್ನೊಂದು ಪದರ ಇದೆ: ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್. ಉಬ್ಬರದ ಗೆರೆಯಿಂದ ಭೂಮಿಯ ಕಡೆಗೆ 500 ಮೀಟರ್ ಇದರ ವ್ಯಾಪ್ತಿ. 2019ರ ಅಧಿಸೂಚನೆಯಲ್ಲಿ ಗ್ರಾಮೀಣ ಕಡಲತೀರವನ್ನು ಎರಡಾಗಿ ಒಡೆದರು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ಗೆರೆಯಿಂದ 50 ಮೀಟರ್, ಅಷ್ಟು ದಟ್ಟಣೆ ಇಲ್ಲದ ಕಡೆ 200 ಮೀಟರ್ ಕಟ್ಟಡ ನಿಷಿದ್ಧ ವಲಯ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಉಪ್ಪುನೀರು ಏರುವಷ್ಟು ದೂರ ಹೊಳೆದಂಡೆಗೂ ಈ ನಿಯಮದ ಕೈ ಚಾಚುತ್ತದೆ. ಹೊಳೆಯಂಚಿನ ಗಜನಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ) ರಾತ್ರೋರಾತ್ರಿ ಮಣ್ಣು ತುಂಬಿ ಪಾಗಾರ ಹಾಕುವುದನ್ನು ನೋಡಿದವರು ಅದನ್ನು ಬರೀ ಜಮೀನಿನ ಸಂಗತಿ ಎಂದುಕೊಳ್ಳುತ್ತಾರೆ. ಅಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಲ್ಲಿ ಮಣ್ಣು ತುಂಬುವ ಬಗ್ಗೆ ಬರೆಯುವಾಗ ಅದನ್ನೂ ನಮೂದಿಸಿ.

ಉಬ್ಬರದ ಗೆರೆ ಎಂದರೆ ನೀವು ಹುಣ್ಣಿಮೆಯ ದಿನ ಕಂಡ ಅಲೆಯಲ್ಲ. ಅದು ನಕ್ಷೆಯ ಮೇಲಿನ ಗೆರೆ. ಸರ್ವೆ ನಂಬರ್ ಸಹಿತ 1:4000 ಅಳತೆಯ ಕರಾವಳಿ ವಲಯ ನಿರ್ವಹಣಾ ನಕ್ಷೆ ಇರುತ್ತದೆ. ಆ ಹಾಳೆಯ ಪ್ರತಿ ಕೇಳಿ ಪಡೆಯಿರಿ. ಕಾರವಾರದಲ್ಲೇ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಇದೆ, ದೂರು ಅಲ್ಲಿಗೆ. ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ಸಮಿತಿಗೆ ಮತ್ತು ಬೆಂಗಳೂರಿನ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಪ್ರತಿ. ಪಿಡಿಒ "ಸಿಆರ್‌ಝಡ್ ನಮ್ಮ ವ್ಯಾಪ್ತಿಯಲ್ಲ" ಎನ್ನುತ್ತಾರೆ. ಆದರೆ ಸಿಆರ್‌ಝಡ್ ಒಪ್ಪಿಗೆ ಬೇಕಾದ ಜಾಗಕ್ಕೆ ಅದನ್ನು ನೋಡದೆ ಕಟ್ಟಡ ಪರವಾನಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ಪಂಚಾಯಿತಿಯದ್ದೇ.

ಒಂದೇ ಕಚೇರಿಯ ಮೂರು ಕಡತ

ನನ್ನ ಮಟ್ಟಿಗೆ ಇಡೀ ಹೋರಾಟದಲ್ಲಿ ಹೆಚ್ಚು ಫಲ ಕೊಡುವ ಕೆಲಸ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಿರಸಿ ಪೇಟೆಯಲ್ಲೋ ಕಾರವಾರದ ಮುಖ್ಯ ರಸ್ತೆಯಲ್ಲೋ ಒಂದು ವಾಣಿಜ್ಯ ಸಂಕೀರ್ಣ ಇದೆ ಎಂದುಕೊಳ್ಳಿ. ನಕ್ಷೆಯಲ್ಲಿ ನೆಲಮಾಳಿಗೆ ವಾಹನ ನಿಲುಗಡೆಗೆ. ನಿಜದಲ್ಲಿ ಅಲ್ಲಿ ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ. ವಾಹನಗಳೆಲ್ಲ ಗಟಾರದ ಮೇಲೆ. ನೀವು "ಪಾರ್ಕಿಂಗ್ ಜಾಗದಲ್ಲಿ ಅಂಗಡಿ" ಎಂದು ದೂರು ಕೊಟ್ಟರೆ "ಪರಿಶೀಲಿಸುತ್ತೇವೆ" ಎಂಬ ಉತ್ತರ ಬರುತ್ತದೆ.

ಈಗ ಅದೇ ನಗರಸಭೆಯಲ್ಲಿ ಈ ಕಟ್ಟಡದ ಕಾಗದ ಎಲ್ಲೆಲ್ಲಿ ಇದೆ ನೋಡಿ. ತಾಂತ್ರಿಕ ವಿಭಾಗದಲ್ಲಿ ಪರವಾನಿಗೆಯ ಕಡತ ಇದೆ, ಅದರಲ್ಲಿ ಮಂಜೂರಾದ ನಕ್ಷೆ: ನೆಲಮಾಳಿಗೆ ಪಾರ್ಕಿಂಗ್. ಆರೋಗ್ಯ ವಿಭಾಗದಲ್ಲಿ ಉದ್ದಿಮೆ ಪರವಾನಿಗೆಯ ಕಡತ ಇದೆ, ಅದರಲ್ಲಿ ಅದೇ ನೆಲಮಾಳಿಗೆಯ ಅಂಗಡಿಗೆ ಲೈಸೆನ್ಸ್. ಕಂದಾಯ ವಿಭಾಗದಲ್ಲಿ ಆಸ್ತಿ ತೆರಿಗೆಯ ಕಡತ ಇದೆ, ಅದರಲ್ಲಿ ಆ ಜಾಗಕ್ಕೆ ವಾಣಿಜ್ಯ ದರದ ತೆರಿಗೆ ವಸೂಲಿ. ಅಂದರೆ ಒಂದೇ ಸೂರಿನಡಿ, ಹತ್ತು ಹೆಜ್ಜೆ ಅಂತರದ ಮೂರು ಮೇಜುಗಳು ಒಂದೇ ಜಾಗದ ಬಗ್ಗೆ ಮೂರು ಬೇರೆ ಮಾತು ಹೇಳುತ್ತಿವೆ. ಈ ಮೂರರ ದೃಢೀಕೃತ ಪ್ರತಿ ನಿಮ್ಮ ಕೈಗೆ ಬಂದರೆ ಉಲ್ಲಂಘನೆಯನ್ನು ನೀವು ಸಾಬೀತು ಮಾಡಬೇಕಾಗಿಲ್ಲ, ನಗರಸಭೆಯೇ ಸಹಿ ಹಾಕಿ ಒಪ್ಪಿಕೊಂಡಿರುತ್ತದೆ. "ನಮ್ಮ ಗಮನಕ್ಕೆ ಬಂದಿರಲಿಲ್ಲ" ಎಂಬ ಉತ್ತರಕ್ಕೂ ಜಾಗ ಉಳಿಯುವುದಿಲ್ಲ.

ಕಡಲತೀರದ ರೆಸಾರ್ಟುಗಳಿಗೂ ಇದೇ ಉಪಾಯ. ಪಂಚಾಯಿತಿಯಲ್ಲಿ ವಾಸದ ಮನೆ ಎಂದು ಪರವಾನಿಗೆ, ಹೆಸ್ಕಾಂನಲ್ಲಿ ವಾಣಿಜ್ಯ ಸಂಪರ್ಕ, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ನೋಂದಣಿ. ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತು ತಾಣದಲ್ಲಿ ಆ ಆಸ್ತಿಗೆ ಕ್ರಮಬದ್ಧ ನಿವೇಶನದ ನಮೂನೆ 9 ಇದೆಯೋ ಅನಧಿಕೃತ ನಿವೇಶನದ 11ಬಿ ಇದೆಯೋ ಅದನ್ನೂ ನೋಡಿ, ನಿವೇಶನದ ಹಣೆಬರಹ ಅಲ್ಲೇ ತಿಳಿಯುತ್ತದೆ.

ಕಡತ ಕೈಗೆ ಸಿಕ್ಕಾಗ ಎಲ್ಲರೂ ನಕ್ಷೆಯ ಹಾಳೆಗೇ ಬೀಳುತ್ತಾರೆ. ನೀವು ಟಿಪ್ಪಣಿ ಹಾಳೆ ನೋಡಿ. ಅದರಲ್ಲಿ ಕಂಡಿಕೆ ಕಂಡಿಕೆಯಾಗಿ ಯಾರು, ಯಾವ ತಾರೀಕಿಗೆ, ಏನು ಬರೆದರು ಎಂಬುದು ಇರುತ್ತದೆ. ಕಿರಿಯ ಅಭಿಯಂತರರು "ಹಿಂಭಾಗದಲ್ಲಿ ಸೆಟ್‌ಬ್ಯಾಕ್ ಬಿಟ್ಟಿರುವುದಿಲ್ಲ, ಆದೇಶಕ್ಕಾಗಿ ಮಂಡಿಸಿದೆ" ಎಂದು ಬರೆದಿರುತ್ತಾರೆ (ಸೆಟ್‌ಬ್ಯಾಕ್ ಎಂದರೆ ನಿಯಮದಂತೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ). ಅದರ ಕೆಳಗೆ ಮೇಲಧಿಕಾರಿಯ ಕೈಬರಹದಲ್ಲಿ "ಚರ್ಚಿಸಿ" ಎಂಬ ಒಂದೇ ಪದ, ಒಂದು ಇನಿಶಿಯಲ್. ಆಮೇಲಿನ ಹಾಳೆ ಖಾಲಿ. ಉಲ್ಲಂಘನೆ ಗೊತ್ತಿದ್ದೂ ಕಡತ ನಿಂತ ಜಾಗ ಅದೇ, ನಿಲ್ಲಿಸಿದ ಕೈ ಅದೇ. ನಿಮ್ಮ ಮುಂದಿನ ಎಲ್ಲ ಪತ್ರಗಳೂ ಆ ಒಂದು ಪದದ ಸುತ್ತ ಇರಬೇಕು. ಕೆಳಗಿನ ಅಭಿಯಂತರರ ಮೇಲೆ ಹರಿಹಾಯುವ ಮುನ್ನವೂ ಈ ಹಾಳೆ ನೋಡಿಕೊಳ್ಳಿ, ಪಾಪದವರು ವರದಿ ಕೊಟ್ಟು ಮೂಲೆಗೆ ಬಿದ್ದಿರುವುದೂ ಉಂಟು.

ದೂರಿನ ಪತ್ರ

ಉದ್ದದ ಪತ್ರ ಬೇಡ. "ಭ್ರಷ್ಟರು", "ಶಾಮೀಲಾಗಿದ್ದಾರೆ", "ಉಗ್ರ ಹೋರಾಟ" ಇವ್ಯಾವುವೂ ಬೇಡ. ಒಂದು ಪುಟದೊಳಗೆ ಹೀಗಿರಲಿ:

"ವಿಷಯ: ವಾರ್ಡ್ ಸಂಖ್ಯೆ ಇಷ್ಟು, ಆಸ್ತಿ ಸಂಖ್ಯೆ ಇಷ್ಟರಲ್ಲಿ ಮಂಜೂರಾದ ನಕ್ಷೆ ಮೀರಿ ನಡೆಯುತ್ತಿರುವ ಕಾಮಗಾರಿ ಕುರಿತು.
ಮೇಲ್ಕಂಡ ಸ್ಥಳದಲ್ಲಿ ಪೂರ್ವ ದಿಕ್ಕಿನ ಸೆಟ್‌ಬ್ಯಾಕ್ ಜಾಗದಲ್ಲಿ ಕಾಂಕ್ರೀಟ್ ಕಂಬ ಎಬ್ಬಿಸಿ ಮೊದಲ ಮಹಡಿಗೆ ಸೆಂಟ್ರಿಂಗ್ ಹಾಕಲಾಗಿದೆ. ದಿನಾಂಕ ಸಹಿತ 4 ಫೋಟೊ ಲಗತ್ತಿಸಿದೆ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 187ನೇ ಕಲಮಿನಡಿ ತಮಗಿರುವ ಅಧಿಕಾರದಂತೆ ಸ್ಥಳ ಪರಿಶೀಲಿಸಿ ಮಹಜರು ಮಾಡಲು, ಉಲ್ಲಂಘನೆ ಕಂಡುಬಂದಲ್ಲಿ ಕಾಮಗಾರಿ ನಿಲ್ಲಿಸುವ ನೋಟಿಸ್ ನೀಡಲು ಮತ್ತು ಕೈಗೊಂಡ ಕ್ರಮವನ್ನು ನನಗೆ ಲಿಖಿತವಾಗಿ ತಿಳಿಸಲು ಕೋರುತ್ತೇನೆ."

ಅಷ್ಟೇ. ದಿಕ್ಕು, ಮಹಡಿ, ಯಾವ ಹಂತ ಎಂಬುದು ಖಚಿತವಾಗಿದ್ದಷ್ಟೂ ಒಳ್ಳೆಯದು, ಏಕೆಂದರೆ ಮಹಜರು ಮಾಡಲು ಬಂದವರು "ಅಂಥದ್ದೇನೂ ಕಂಡುಬರಲಿಲ್ಲ" ಎಂದು ಬರೆಯಲು ಧೈರ್ಯ ಮಾಡುವುದಿಲ್ಲ. ಫೋಟೊವನ್ನು ಒಂದೇ ಜಾಗದಿಂದ ವಾರಕ್ಕೊಂದರಂತೆ ತೆಗೆಯಿರಿ, ಬೇರೆಯವರ ಹಿತ್ತಲಿಗೆ ಇಳಿಯಬೇಡಿ. ಮೂಲ ಫೈಲು ಮೊಬೈಲಿನಲ್ಲೇ ಇರಲಿ. ಮುಂದೆ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಅದನ್ನು ಹಾಜರುಪಡಿಸಬೇಕಾಗುತ್ತದೆ.

ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಇಟ್ಟು ಹೋಗಿ" ಎಂದರೆ ಇಟ್ಟು ಹೋಗಬೇಡಿ. ಎದುರಿನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಜೊತೆಗೆ 1902ಕ್ಕೆ ಕರೆ ಮಾಡಿ ಅಥವಾ ರಾಜ್ಯ ಸರ್ಕಾರದ ಜನಸ್ಪಂದನ ತಾಣದಲ್ಲಿ ದಾಖಲಿಸಿದರೆ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಅಲ್ಲಿ ದೂರು ಮುಗಿದಿದೆ ಎಂದು ಬೇಗ ಮುಚ್ಚಿಬಿಡುವ ಅಭ್ಯಾಸ ಇದೆ ನಿಜ. ಆದರೆ ಮುಚ್ಚುವಾಗ ಬರೆದ ಷರಾ ಇದೆಯಲ್ಲ, ಅದೂ ಒಂದು ದಾಖಲೆಯೇ. ಕೆಲಸ ನಡೆಯುತ್ತಿರುವಾಗ "ಕ್ರಮ ಕೈಗೊಳ್ಳಲಾಗಿದೆ" ಎಂದು ಬರೆದು ಮುಚ್ಚಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಮಾಹಿತಿ ಹಕ್ಕಿನ ಅರ್ಜಿ: ಏಕೆ ಎಂದು ಕೇಳಬೇಡಿ

ದೂರು ಕೊಟ್ಟು ಎರಡು ಮೂರು ವಾರ ಬಿಟ್ಟು ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ, ಆನ್‌ಲೈನ್ ಪೋರ್ಟಲ್ಲೂ ಇದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿ ಇದೆ. ಇದನ್ನೇ ನೆಪ ಮಾಡಿ ಅರ್ಜಿ ತಿರಸ್ಕರಿಸುವವರು ಇರುವುದರಿಂದ ಮೂರು ಕಡತಕ್ಕೆ ಮೂರು ಅರ್ಜಿ ಬರೆಯುವುದೇ ಲೇಸು.

"ಏಕೆ ಕ್ರಮ ಕೈಗೊಂಡಿಲ್ಲ?" ಎಂದು ಕೇಳಿದರೆ ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಎಂದು ಎರಡು ಸಾಲಿನಲ್ಲಿ ಕಳಿಸಿಬಿಡುತ್ತಾರೆ. ಕೇಳಬೇಕಾದದ್ದು ಕಾಗದ. ನನ್ನ ಇಂಥ ತಾರೀಕಿನ, ಇಂಥ ಇನ್ವರ್ಡ್ ನಂಬರಿನ ದೂರಿನ ಮೇಲೆ ದಿನವಹಿ ನಡೆದ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ. ಸ್ಥಳ ಪರಿಶೀಲನಾ ವರದಿಯ ಪ್ರತಿ. ನೀಡಿದ ನೋಟಿಸ್ ಮತ್ತು ಅದು ಜಾರಿಯಾದ ಸ್ವೀಕೃತಿಯ ಪ್ರತಿ. ಇಂಥ ತಾರೀಕಿನಿಂದ ಇಂದಿನವರೆಗೆ ಆ ವಾರ್ಡಿನ ಕಟ್ಟಡ ಪರಿಶೀಲನೆಯ ಹೊಣೆ ಇದ್ದ ನೌಕರರ ಹೆಸರು, ಹುದ್ದೆ, ಅವಧಿ. ಮತ್ತು ಅವರಿಗೆ ಕೆಲಸ ಹಂಚಿದ ಆದೇಶದ ಪ್ರತಿ.

ಕೊನೆಯ ಎರಡನ್ನು ಬಿಡಲೇಬೇಡಿ. ಕಚೇರಿ ಎಂಬುದಕ್ಕೆ ಶಿಕ್ಷೆ ಆಗುವುದಿಲ್ಲ, ಹೆಸರಿದ್ದವರಿಗೆ ಆಗುತ್ತದೆ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ ದಂಡ ಹಾಕಬಹುದು. ಆಯೋಗದಲ್ಲಿ ವಿಚಾರಣೆಗೆ ಸರದಿ ಬರಲು ತುಂಬ ಕಾಲ ಹಿಡಿಯುತ್ತದೆ, ಹಾಗಾಗಿ ಅದರ ದಾರಿ ಕಾಯುತ್ತ ಉಳಿದ ಹೆಜ್ಜೆ ನಿಲ್ಲಿಸಬೇಡಿ. ಅರ್ಜಿ ಹಾಕುವಾಗಲೇ ಪ್ರತಿಗಿಂತ ಮೊದಲು ಕಡತ ಪರಿಶೀಲನೆಗೆ ಅವಕಾಶ ಕೇಳುವುದೂ ಒಂದು ದಾರಿ. ಎದುರು ಕುಳಿತು ಕಡತ ತಿರುವಿ, ಬೇಕಾದ ಪುಟಕ್ಕೆ ಗುರುತು ಹಾಕಿ ಬರಬಹುದು.

"ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿ" ಎಂಬ ಉತ್ತರ ಈಗೀಗ ಹೆಚ್ಚು. ಮಾಲೀಕನ ಆಧಾರ್, ಫೋನು, ಬ್ಯಾಂಕಿನ ವಿವರ ನಿಮಗೆ ಬೇಡ, ಅದನ್ನು ಅಳಿಸಿ ಕೊಡಿ ಎಂದು ಅರ್ಜಿಯಲ್ಲೇ ಬರೆಯಿರಿ. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ 8(2)ನೇ ಕಲಮನ್ನೂ ಕಾಣಿಸಿ.

ಸುಪ್ರೀಂ ಕೋರ್ಟಿನ ಎರಡು ತೀರ್ಪು, ಎರಡೂ ಕೈಯಲ್ಲಿರಲಿ

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಕಾಮಗಾರಿ ಮುಗಿಯುವವರೆಗೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು. ಅಧಿಕಾರಿಗಳು ನಿಯತವಾಗಿ ಪರಿಶೀಲಿಸಿ ದಾಖಲೆ ಇಡಬೇಕು. ಸ್ವಾಧೀನ ಪ್ರಮಾಣಪತ್ರ ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು. ಅಕ್ರಮ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಿಗೆ ಕೊಡಬಾರದು. ತಪ್ಪಿತಸ್ಥ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಆಗಬೇಕು. ನಿಮ್ಮ ಎರಡನೇ ಪತ್ರದಲ್ಲಿ ಇದನ್ನು ಒಂದೊಂದಾಗಿ ಹೆಸರಿಸಿ: ಸ್ಥಳದಲ್ಲಿ ನಕ್ಷೆ ತೂಗುಹಾಕಿಲ್ಲ, ಪರಿಶೀಲನಾ ದಾಖಲೆ ಆರ್‌ಟಿಐನಲ್ಲಿ ಸಿಕ್ಕಿಲ್ಲ, ಆದರೂ ಉದ್ದಿಮೆ ಪರವಾನಿಗೆ ಇಂಥ ತಾರೀಕಿಗೆ ನೀಡಲಾಗಿದೆ. ವಿದ್ಯುತ್ ಸಂಪರ್ಕದ ವಿಷಯದಲ್ಲಿ ಸಣ್ಣ ಮನೆಗಳಿಗೆ ರಾಜ್ಯದಲ್ಲಿ ವಿನಾಯಿತಿಗಳು ಬಂದಿವೆ, ಆ ಅಂಶವನ್ನು ದೊಡ್ಡ ಕಟ್ಟಡಗಳಿಗೆ ಮಾತ್ರ ಬಳಸಿ.

ಅದಕ್ಕೂ ಮುಂಚೆ, ಅದೇ ವರ್ಷದ ನವೆಂಬರ್ 13ರ ತೀರ್ಪು ಬುಲ್ಡೋಜರ್ ಕುರಿತದ್ದು. 15 ದಿನದ ನೋಟಿಸ್ ಇಲ್ಲದೆ, ಮಾಲೀಕನ ಮಾತು ಕೇಳದೆ ಕೆಡವಬಾರದು, ಕೆಡವಿದರೆ ಅಧಿಕಾರಿಯೇ ತನ್ನ ಕೈಯಿಂದ ಪರಿಹಾರ ಕಟ್ಟಬೇಕಾದೀತು ಎಂಬುದು ಅದರ ಸಾರ. ರಸ್ತೆ, ಫುಟ್‌ಪಾತ್, ಹೊಳೆ, ಜಲಮೂಲದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಇದು ಅನ್ವಯಿಸುವುದಿಲ್ಲ. ಅಧಿಕಾರಿಗಳು ಈ ತೀರ್ಪನ್ನು "ಕೆಡವಲೇಬಾರದು ಎಂದಿದೆ" ಎಂದು ತಿರುಚಿ ಹೇಳುವುದುಂಟು. ಹಾಗೆಂದರೆ "ನೋಟಿಸ್ ಕೊಡಬೇಡಿ ಎಂದಿಲ್ಲವಲ್ಲ, ನೋಟಿಸಿನ ಪ್ರತಿ ಕೊಡಿ" ಎನ್ನಿ.

ಸಿಗುವ ಉತ್ತರಗಳು

"ಅಕ್ರಮ-ಸಕ್ರಮದಲ್ಲಿ ಸರಿಯಾಗುತ್ತೆ ಬಿಡಿ." ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಅದನ್ನು ನಂಬಿ ನೋಟಿಸ್ ತಡೆಹಿಡಿಯಲು ಯಾವ ಆಧಾರವೂ ಇಲ್ಲ.

"ಬಿ ಖಾತೆ ಆಗಿದೆ, ತೆರಿಗೆ ಕಟ್ಟುತ್ತಿದ್ದಾರೆ." ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ.

"ಕೋರ್ಟಿನಲ್ಲಿ ಸ್ಟೇ ಇದೆ." ಇರಬಹುದು. ಪ್ರಕರಣದ ಸಂಖ್ಯೆ ಕೇಳಿ. ಇ-ಕೋರ್ಟ್ಸ್ ತಾಣದಲ್ಲಿ ಆದೇಶವನ್ನು ನೀವೇ ಓದಬಹುದು. ಎಷ್ಟೋ ಸಲ ಮಧ್ಯಂತರ ಆದೇಶದ ಅವಧಿ ಮುಗಿದಿರುತ್ತದೆ, ಅಥವಾ ನಗರಸಭೆಯ ವಕೀಲರು ಆಕ್ಷೇಪಣೆಯನ್ನೇ ಸಲ್ಲಿಸಿರುವುದಿಲ್ಲ. ಆಕ್ಷೇಪಣೆ ಸಲ್ಲಿಸಿದ ತಾರೀಕನ್ನು ಇನ್ನೊಂದು ಆರ್‌ಟಿಐನಲ್ಲಿ ಕೇಳಿ, ನಿದ್ದೆ ಹೋದ ಕಡತಗಳು ಎದ್ದು ಕೂರುತ್ತವೆ.

"ಸಿಬ್ಬಂದಿ ಇಲ್ಲ." ಇದರಲ್ಲಿ ಸತ್ಯಾಂಶ ಇದೆ. ಆದರೆ ನೋಟಿಸಿಗೆ ಒಂದು ಹಾಳೆ, ಒಂದು ಸಹಿ ಸಾಕು.

ಮೆಟ್ಟಿಲು ಹತ್ತುವ ಕ್ರಮ

ಎರಡನೇ ಪತ್ರಕ್ಕೂ ಉತ್ತರ ಇಲ್ಲದಿದ್ದರೆ ಮೇಲಿನವರಿಗೆ. ನಗರದ ವಿಷಯಕ್ಕೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರು, ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯ. ಹಳ್ಳಿಯದ್ದಕ್ಕೆ ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲಾ ಪಂಚಾಯಿತಿಯ ಸಿಇಒ. ಈ ಪತ್ರದಲ್ಲಿ ಕಟ್ಟಡದ ಕಥೆ ಒಂದು ಪ್ಯಾರಾ ಸಾಕು. ಉಳಿದದ್ದು ಅಧಿಕಾರಿಯ ಕಥೆ: ಇಂಥ ದಿನ ದೂರು ಬಂತು, ಇಂಥ ದಿನ ಕಿರಿಯ ಅಭಿಯಂತರರು ವರದಿ ಕೊಟ್ಟರು, ಕಂಡಿಕೆ ಇಷ್ಟರಲ್ಲಿ "ಚರ್ಚಿಸಿ" ಎಂದಾದ ಮೇಲೆ ಕ್ರಮ ನಿಂತಿದೆ, ಆದ್ದರಿಂದ ಕರ್ತವ್ಯಲೋಪಕ್ಕೆ ಇಲಾಖಾ ವಿಚಾರಣೆ ನಡೆಸಿ. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಕೊಡಬೇಕೆಂದೇನೂ ಇಲ್ಲ. ಅಂಚೆ ಸಾಕು. ಸಾರ್ವಜನಿಕರಿಗೆ ಅಪಾಯ, ದಾರಿ ಬಂದ್, ಹಳ್ಳ ಮುಚ್ಚಿ ನೀರು ನುಗ್ಗುವುದು ಮುಂತಾದ ತುರ್ತಿದ್ದರೆ ಉಪವಿಭಾಗಾಧಿಕಾರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 152ನೇ ಕಲಮಿನಡಿ ಅರ್ಜಿ ಕೊಡಬಹುದು. ಶಿರಸಿಯಲ್ಲೂ ಕಾರವಾರದಲ್ಲೂ ಕುಮಟಾದಲ್ಲೂ ಆ ಕಚೇರಿ ಇದೆ. ಗುಡ್ಡ ಕಡಿದು ನಿವೇಶನ ಮಾಡುವ ಪ್ರಕರಣಗಳಲ್ಲಿ ಈ ದಾರಿಯನ್ನು ಮೊದಲೇ ಹಿಡಿಯಿರಿ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಇಳಿದದ್ದನ್ನು ಕಂಡ ಜಿಲ್ಲೆಯಲ್ಲಿ "ಮಳೆಗಾಲ ಮುಗಿಯಲಿ ನೋಡೋಣ" ಎಂಬ ಉತ್ತರವನ್ನು ಬರಹದಲ್ಲಿ ಕೊಡಲು ಯಾರೂ ಮುಂದಾಗುವುದಿಲ್ಲ.

ಆಮೇಲೆ ಲೋಕಾಯುಕ್ತ. ದೂರಿನ ನಮೂನೆ ಮತ್ತು ಅಫಿಡವಿಟ್ ಎರಡೂ ಬೇಕು, ವಕೀಲರು ಬೇಕಿಲ್ಲ. ಕೆಲಸ ಮಾಡದೆ ನಿಮಗೆ ತೊಂದರೆ ಕೊಟ್ಟ ಅಹವಾಲಾದರೆ ವಿಷಯ ತಿಳಿದ 6 ತಿಂಗಳೊಳಗೆ, ಅಧಿಕಾರ ದುರ್ಬಳಕೆಯ ಆಪಾದನೆಯಾದರೆ 5 ವರ್ಷದೊಳಗೆ ಕೊಡಬೇಕು. 6 ತಿಂಗಳ ಗಡಿ ನೆನಪಿಡಿ, ಪತ್ರ ಬರೆಯುತ್ತ ಕುಳಿತರೆ ಅದು ಸರ್ರನೆ ಕಳೆದುಹೋಗುತ್ತದೆ. ಲೋಕಾಯುಕ್ತರು ಕಟ್ಟಡ ಕೆಡವುವುದಿಲ್ಲ, ಅಧಿಕಾರಿಯ ನಡತೆ ವಿಚಾರಿಸುತ್ತಾರೆ. ಸುಳ್ಳು ದೂರಿಗೆ ಶಿಕ್ಷೆಯೂ ಇದೆ, ಆದ್ದರಿಂದ ಕಡತದಲ್ಲಿ ಇಲ್ಲದ ಲಂಚದ ಮಾತನ್ನು ಅಫಿಡವಿಟ್ಟಿಗೆ ಸೇರಿಸಬೇಡಿ.

ಕೆಲಸ ಮಾಡಿಸಲು ಹೈಕೋರ್ಟು. ನಮ್ಮ ಜಿಲ್ಲೆಗೆ ಧಾರವಾಡ ಪೀಠ. ಕರ್ತವ್ಯ ಮಾಡುವಂತೆ ಆದೇಶಿಸಿ ಎಂದು ರಿಟ್ ಅರ್ಜಿ ಹಾಕುವಾಗ ನ್ಯಾಯಾಲಯ ಮೊದಲು ಕೇಳುವುದು "ಲಿಖಿತವಾಗಿ ಕೇಳಿದ್ದಿರಾ?" ಎಂದು. ಇಲ್ಲಿಯವರೆಗೆ ಕೂಡಿಟ್ಟ ಸೀಲು, ರಸೀದಿಗಳು ಆಗ ಉಪಯೋಗಕ್ಕೆ ಬರುತ್ತವೆ. ಪಕ್ಕದ ಮನೆಯವರಿಗೆ ನೇರ ತೊಂದರೆ ಆಗಿದ್ದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಿಂತ ಅವರದೇ ಸ್ವಂತ ಅರ್ಜಿ ಗಟ್ಟಿ. ಸಿಆರ್‌ಝಡ್ ವಿಷಯವಾದರೆ ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅಲ್ಲಿ ಉಲ್ಲಂಘನೆ ಶುರುವಾದ 6 ತಿಂಗಳೊಳಗೆ ಹೋಗಬೇಕು, ಸಕಾರಣ ಇದ್ದರೆ ಮತ್ತೆ 60 ದಿನ ಸಿಗಬಹುದು.

ದೂರು ಕೊಡುವ ಮುನ್ನ ನಿಮ್ಮ ಹಿತ್ತಲು ನೋಡಿಕೊಳ್ಳಿ

ಎದುರಾಳಿ ಮಾಡುವ ಮೊದಲ ಕೆಲಸ ನಿಮ್ಮ ಮನೆಯ ನಕ್ಷೆ ತೆಗೆಸುವುದು. ಹಿಂದಿನ ಶೆಡ್ಡು, ಗಟಾರದ ಮೇಲಿನ ಮೆಟ್ಟಿಲು ನಿಮ್ಮದೂ ಇದ್ದರೆ ಮೊದಲು ಅದನ್ನು ತೆಗೆಯಿರಿ. ಒಬ್ಬರೇ ಹೋಗುವ ಬದಲು ಓಣಿಯ ಮೂರು ನಾಲ್ಕು ಮನೆಯವರು ಸಹಿ ಹಾಕಿ. ಬೆದರಿಕೆ ಬಂದರೆ ಅದೇ ದಿನ ಠಾಣೆಗೆ ಲಿಖಿತ ದೂರು ಕೊಡಿ.

ಯಾರ ಮೇಲೆ ದೂರು ಕೊಡುತ್ತಿದ್ದೀರಿ ಎಂಬುದನ್ನೂ ಯೋಚಿಸಿ. ಈ ಜಿಲ್ಲೆಯಲ್ಲಿ ಅತಿಕ್ರಮಣದಾರ ಎಂಬ ಹಣೆಪಟ್ಟಿಯ ಕೆಳಗೆ ಎಷ್ಟೋ ಬಡ ಕುಟುಂಬಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಪರಿಶೀಲನೆ ಮುಗಿಯುವವರೆಗೆ ಅರ್ಹ ಅರಣ್ಯವಾಸಿಗಳನ್ನು ಎಬ್ಬಿಸುವಂತಿಲ್ಲ. ಮೀನುಗಾರರ ವಸತಿಗೆ ಸಿಆರ್‌ಝಡ್ ನಿಯಮದಲ್ಲೇ ಬೇರೆ ದೃಷ್ಟಿ ಇದೆ. ದೊಡ್ಡ ರೆಸಾರ್ಟಿನ ಮೇಲೆ ಬಂದ ದೂರಿಗೆ ಲೆಕ್ಕ ತೋರಿಸಲು ಪಕ್ಕದ ಮೀನುಗಾರರ ಗುಡಿಸಲಿಗೆ ನೋಟಿಸ್ ಅಂಟಿಸುವ ಚಾಳಿ ಕೆಲವು ಕಚೇರಿಗಳಿಗಿದೆ. ಹಾಗಾಗಿ ಪತ್ರದಲ್ಲಿ ಸರ್ವೆ ನಂಬರ್, ಕಟ್ಟಡ ಎರಡನ್ನೂ ಬೇರೆ ಯಾರಿಗೂ ಅನ್ವಯಿಸದಂತೆ ಬರೆಯಿರಿ.

ಇನ್ನು ಕ್ರಮ ಆದಾಗ. ಜೆಸಿಬಿ ಬಂತು, ಪತ್ರಿಕೆಯಲ್ಲಿ ಫೋಟೊ ಬಂತು, ಪಾಗಾರದ ಒಂದು ಮೂಲೆ ಬಿತ್ತು. ಕಂಬಗಳು ಹಾಗೇ ನಿಂತಿರುತ್ತವೆ, ನಾಲ್ಕು ತಿಂಗಳಲ್ಲಿ ಅದರ ಮೇಲೆ ಮತ್ತೆ ಸ್ಲ್ಯಾಬ್. ತೆರವು ನಡೆದ ಮರುದಿನವೇ ತೆರವು ಮಹಜರಿನ ಪ್ರತಿಗೆ ಆರ್‌ಟಿಐ ಹಾಕಿ. ಆದೇಶದಲ್ಲಿ ಎಷ್ಟು ಚದರ ಅಡಿ ಇತ್ತು, ತೆಗೆದದ್ದು ಎಷ್ಟು ಎಂದು ಹೋಲಿಸಿ, ವ್ಯತ್ಯಾಸವಿದ್ದರೆ ಅದೇ ಕಡತದ ಸಂಖ್ಯೆ ಹಾಕಿ ಹೊಸ ದೂರು ಕೊಡಿ.

ಅಧಿಕಾರಿಯ ವರ್ಗಾವಣೆ ಆದರೆ ಹೊಸಬರು ಬಂದ ವಾರದಲ್ಲೇ ಹಳೆಯ ಪತ್ರಗಳನ್ನೆಲ್ಲ ಕ್ರಮವಾಗಿ ಜೋಡಿಸಿ, ಮೇಲೊಂದು ಪುಟದ ತಾರೀಕುವಾರು ಪಟ್ಟಿ ಇಟ್ಟು ಮತ್ತೆ ಟಪಾಲಿಗೆ ಕೊಟ್ಟು ಹೊಸ ಇನ್ವರ್ಡ್ ನಂಬರ್ ಪಡೆಯಿರಿ. "ನಾನು ಹೊಸಬ, ನನಗೆ ಗೊತ್ತಿಲ್ಲ" ಎನ್ನುವ ಅವಕಾಶ ಅವರಿಗೆ ಒಂದು ವಾರಕ್ಕಿಂತ ಹೆಚ್ಚು ಇರಬಾರದು. ಹೋದವರ ಹೊಣೆಯೂ ಅಲ್ಲಿಗೆ ಮುಗಿಯುವುದಿಲ್ಲ. ಅವರ ಅವಧಿಯ ಲೋಪದ ಬಗ್ಗೆ ಅವರ ಇಲಾಖೆಗೆ ಕೊಟ್ಟ ದೂರು ಅವರ ಹೊಸ ಕಚೇರಿಗೂ ಹೋಗುತ್ತದೆ.